ಯಾರಿಗೂ ಬಿಡುವಿಲ್ಲ; ಆದರೂ ನೀವೆಲ್ಲ ತಪ್ಪದೆ ಸೇರುವುದು ಹೇಗೆ?

ಈ ಪ್ರಶ್ನೆಯನ್ನು ನನಗೆ ಸಹೋದ್ಯೋಗಿಗಳು ಕೇಳಿದ್ದಾರೆ, ನೆರೆಮನೆಯವರು ಕೇಳಿದ್ದಾರೆ, ಎಷ್ಟೋ ವರ್ಷಗಳ ಬಳಿಕ ಸಿಕ್ಕ ಸಹಪಾಠಿಗಳೂ ಕೇಳಿದ್ದಾರೆ. ನಮ್ಮ ಕುಟುಂಬದವರು ವರ್ಷಕ್ಕೊಂದು ದಿನ ಒಂದೇ ಸೂರಿನಡಿ ಸೇರುತ್ತೇವೆ. ನಾವು ನಾಲ್ವರು ಗೆಳತಿಯರು ವರ್ಷಕ್ಕೊಮ್ಮೆ ಎರಡು ದಿನಗಳ ಮಟ್ಟಿಗೆ ಎಲ್ಲಿಗಾದರೂ ಹೋಗಿಬರುತ್ತೇವೆ. ನಮ್ಮಲ್ಲಿಯೂ ನೌಕರಿಯಿದೆ, ಮಕ್ಕಳ ಪರೀಕ್ಷೆಗಳಿವೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ನನ್ನ ಉತ್ತರ ಇಷ್ಟೇ: ನಾವು ಮೊದಲು ದಿನವನ್ನು ಗೊತ್ತುಮಾಡುತ್ತೇವೆ, ಉಳಿದದ್ದೆಲ್ಲ ಆಮೇಲೆ. ಇಷ್ಟಕ್ಕೆ ಕೇಳಿದವರ ಮುಖದಲ್ಲಿ ಸಮಾಧಾನ ಕಾಣುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹಲವು ವರ್ಷ ನಾವೂ ‘ಒಮ್ಮೆ ಎಲ್ಲರೂ ಸೇರಬೇಕು’ ಎನ್ನುತ್ತಲೇ ಕಾಲ ಕಳೆದವರು. ಫೋನಿನ ಪ್ರತಿ ಮಾತುಕತೆಯ ಕೊನೆಗೂ ಆ ಮಾತು ಬರುತ್ತಿತ್ತು, ಮತ್ತು ಆ ಮಾತು ಆಡಿದ್ದರಿಂದಲೇ ಸೇರಿದಷ್ಟು ತೃಪ್ತಿಯಾಗಿ ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ಬಂಧುವೊಬ್ಬರು ತೀರಿಕೊಂಡಾಗ ಎಲ್ಲರೂ ಬಂದಿದ್ದೆವು. ಸಂಜೆ ಹೊರಡುವ ಹೊತ್ತಿಗೆ ದೊಡ್ಡಮ್ಮ ನನ್ನ ಕೈ ಹಿಡಿದು, ‘ನಾವು ಸಾವಿನ ಮನೆಯಲ್ಲಿ ಮಾತ್ರ ಒಬ್ಬರ ಮುಖ ಒಬ್ಬರು ನೋಡುವವರಾಗಿಬಿಟ್ಟೆವಲ್ಲೇ’ ಎಂದರು. ಯಾರೂ ಉತ್ತರ ಕೊಡಲಿಲ್ಲ. ನನ್ನ ಅಕ್ಕ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಕೆಳಗಿಳಿಸಿ, ಐದು ತಿಂಗಳಾಚೆಯ ಒಂದು ಶನಿವಾರಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಅದನ್ನು ಕೈಯಿಂದ ಕೈಗೆ ದಾಟಿಸಿದಳು. ಎಲ್ಲಿ, ಹೇಗೆ, ಯಾರ ಮನೆಯಲ್ಲಿ ಎಂಬುದು ಯಾವುದೂ ಆಗ ತೀರ್ಮಾನವಾಗಿರಲಿಲ್ಲ.

ಆ ದಿನವನ್ನು ಬದಲಿಸುವುದಿಲ್ಲ ಎಂಬುದೊಂದೇ ಅಂದಿನಿಂದ ನಮ್ಮ ಕಟ್ಟುನಿಟ್ಟಿನ ನಿಯಮ. ಒಬ್ಬರ ಅನುಕೂಲಕ್ಕೆಂದು ಒಂದು ವಾರ ಮುಂದೂಡಿದರೆ ಇನ್ನೊಬ್ಬರಿಗೆ ಅಡಚಣೆಯಾಗುತ್ತದೆ, ಅವರಿಗಾಗಿ ಮತ್ತೊಮ್ಮೆ ಮುಂದೂಡುತ್ತೇವೆ, ಕೊನೆಗೆ ಆ ವರ್ಷವೇ ಕೈತಪ್ಪುತ್ತದೆ. ಬರಲಾಗದವರು ಬರುವುದಿಲ್ಲ, ಅದಕ್ಕೆ ಮುನಿಸಿಲ್ಲ, ಕಾರಣ ಕೇಳುವುದೂ ಇಲ್ಲ. ಮೊದಲ ವರ್ಷ ಬಂದವರು ಹನ್ನೊಂದು ಮಂದಿ. ದಿನ ಅಲುಗುವುದಿಲ್ಲವೆಂಬುದು ಖಚಿತವಾದ ಮೇಲೆ ಉಳಿದವರು ತಾವಾಗಿಯೇ ತಮ್ಮ ಕೆಲಸಗಳನ್ನು ಅದರ ಸುತ್ತ ಹೊಂದಿಸಿಕೊಳ್ಳತೊಡಗಿದರು.

ದಿನ ಮುಂಚಿತವಾಗಿ ನಿಶ್ಚಯವಾಗುವುದರಿಂದ ಇನ್ನೊಂದು ಲಾಭವಿದೆ. ನೆದರ್ಲೆಂಡ್ಸಿನಲ್ಲಿ 1,530 ವಯಸ್ಕರನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಜೆಗೆ ಹೊರಡಲಿರುವವರು ಪ್ರವಾಸಕ್ಕೆ ಮೊದಲೇ ಉಳಿದವರಿಗಿಂತ ಹೆಚ್ಚು ಸಂತೋಷದಿಂದಿದ್ದುದು ಕಂಡುಬಂತು. ಮರಳಿದ ಮೇಲೆ ಮಾತ್ರ, ತುಂಬ ನೆಮ್ಮದಿಯಿಂದ ರಜೆ ಕಳೆದವರನ್ನು ಬಿಟ್ಟರೆ, ಹೋಗಿಬಂದವರಿಗೂ ಹೋಗದವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಮನೆಯ ಮಕ್ಕಳು ನೆನಪಾದರು. ಎರಡು ತಿಂಗಳ ಮೊದಲೇ ‘ಇನ್ನೆಷ್ಟು ದಿನ’ ಎಂದು ಎಣಿಸತೊಡಗುವ ಅವರಿಗೆ ಒಂದು ದಿನದ ಕೂಟ ಅರವತ್ತು ದಿನಗಳ ಹಿಗ್ಗಾಗುತ್ತದೆ. ಹಿಂದಿನ ರಾತ್ರಿ ತರಾತುರಿಯಲ್ಲಿ ನಿರ್ಧರಿಸಿದ ಪ್ರವಾಸದಲ್ಲಿ ಆ ಹಿಗ್ಗಿಗೆ ಜಾಗವೇ ಇರುವುದಿಲ್ಲ.

ಇನ್ನು ಜಾಗದ ವಿಚಾರ. ಗುಂಪಿನ ಪ್ರವಾಸಗಳು ಕೆಡುವುದು ಜಗಳದಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ನಾನು ಕಂಡಂತೆ ಅವು ಹೆಚ್ಚಾಗಿ ಕೆಡುವುದು ಒಪ್ಪಿಗೆಯಿಂದ. ಜೆರ್ರಿ ಹಾರ್ವೆ ಎಂಬ ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕರು 1974ರಲ್ಲಿ ತಮ್ಮ ಮನೆಯದೇ ಪ್ರಸಂಗವೊಂದನ್ನು ಬರೆದರು. ಅಮೆರಿಕದ ಟೆಕ್ಸಸ್‌ನಲ್ಲಿ, ಸುಡುಬಿಸಿಲಿನ ಒಂದು ಮಧ್ಯಾಹ್ನ ಮನೆಯ ನಾಲ್ವರು ಆರಾಮವಾಗಿ ಕುಳಿತಿದ್ದಾಗ, ಮಾವನವರು ಸುಮಾರು 85 ಕಿಲೋಮೀಟರ್ ದೂರದ ಆಬಿಲೀನ್ ಎಂಬ ಊರಿಗೆ ಊಟಕ್ಕೆ ಹೋಗೋಣವೇ ಎಂದರು. ಹೆಂಡತಿ ಆಗಲಿ ಎಂದರು, ಇವರೂ ತಲೆಯಾಡಿಸಿದರು, ಅತ್ತೆಯವರೂ ಹೂಂಗುಟ್ಟಿದರು. ಧೂಳಿನಲ್ಲಿ, ಹವಾನಿಯಂತ್ರಣವಿಲ್ಲದ ಕಾರಿನಲ್ಲಿ ಬೆಂದು ಮನೆಗೆ ಮರಳಿದ ಮೇಲೆ ತಿಳಿದದ್ದೇನೆಂದರೆ, ಹೋಗುವ ಮನಸ್ಸು ಒಬ್ಬರಿಗೂ ಇರಲಿಲ್ಲ. ಪ್ರಸ್ತಾಪಿಸಿದ ಮಾವನವರು ಕೂಡ ಉಳಿದವರಿಗೆ ಬೇಸರವಾಗುತ್ತಿರಬಹುದೆಂದು ಕೇಳಿದ್ದರಷ್ಟೆ. ಆ ಊರಿನ ಹೆಸರಿನಿಂದಲೇ ಇದನ್ನು ಆಬಿಲೀನ್ ವಿರೋಧಾಭಾಸವೆಂದು ಕರೆಯುತ್ತಾರೆ.

ನಮ್ಮ ಮೂರನೆಯ ಪ್ರವಾಸ ಹೀಗೆಯೇ ಆಗಿತ್ತು. ಸೂರ್ಯೋದಯ ನೋಡಲೆಂದು ನಸುಕಿನ ನಾಲ್ಕು ಗಂಟೆಗೆ ಎದ್ದು ನಾಲ್ವರೂ ಬೆಟ್ಟ ಹತ್ತಿದೆವು. ಒಬ್ಬಳಿಗೆ ಮಂಡಿನೋವು, ಇನ್ನೊಬ್ಬಳು ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ, ನನಗೆ ಸುಮ್ಮನೆ ಮಲಗಬೇಕೆನಿಸಿತ್ತು, ನಾಲ್ಕನೆಯವಳು ನಮಗೆಲ್ಲ ಇಷ್ಟವೆಂದು ಎದ್ದು ಬಂದಿದ್ದಳು. ಇದು ಹೊರಬಿದ್ದದ್ದು ಇಳಿಯುವಾಗ. ಅಂದಿನಿಂದ ಹೊರಡುವ ಮೊದಲು ಪ್ರತಿಯೊಬ್ಬರೂ ತಮಗೆ ಬೇಡವಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡುವ ಪದ್ಧತಿ ಮಾಡಿಕೊಂಡಿದ್ದೇವೆ. ‘ಏನು ಬೇಕು’ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ‘ಏನಾದರೂ ಆದೀತು’ ಎನ್ನುವವರು ‘ಏನು ಬೇಡ’ ಎಂಬ ಪ್ರಶ್ನೆಗೆ ನಿಜ ಹೇಳುತ್ತಾರೆ.

‘ಎರಡು ದಿನಕ್ಕಾಗಿ ಇಷ್ಟೆಲ್ಲ ಏಕೆ, ಆಗಾಗ ಒಂದು ಗಂಟೆ ಭೇಟಿಯಾದರೆ ಸಾಲದೇ’ ಎಂದೂ ಕೆಲವರು ಕೇಳುತ್ತಾರೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತಸ್ನೇಹವಾಗಲು 200 ಗಂಟೆಗಳಿಗಿಂತ ಹೆಚ್ಚು. ಜೊತೆಯಲ್ಲಿ ದುಡಿದ ಸಮಯಕ್ಕಿಂತ ಬಿಡುವಾಗಿ ಕಳೆದ ಸಮಯದ ತೂಕ ಹೆಚ್ಚು. ತಿಂಗಳಿಗೊಂದು ಗಂಟೆ ಭೇಟಿಯಾದರೆ ವರ್ಷಕ್ಕೆ ಸಿಗುವುದು 12 ಗಂಟೆ. ಎರಡು ದಿನದ ಪ್ರವಾಸದಲ್ಲಿ ಎಚ್ಚರವಾಗಿರುವ ಹೊತ್ತೇ 30 ಗಂಟೆ. ಆ ಗಂಟೆಗಳಲ್ಲಿ ನೋಡಿದ ಸ್ಥಳಗಳಿಗಿಂತ ಕಾದು ಕುಳಿತ ಹೊತ್ತೇ ನನಗೆ ಹೆಚ್ಚು ನೆನಪಿದೆ. ಒಮ್ಮೆ ಮಳೆಗೆ ಸಿಕ್ಕು ಬಸ್ ತಂಗುದಾಣದಲ್ಲಿ ಎರಡೂವರೆ ಗಂಟೆ ನಿಲ್ಲಬೇಕಾಯಿತು. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಕಿವಿಯ ಹತ್ತಿರ ಬಾಯಿಟ್ಟು ಮಾತಾಡಬೇಕಿತ್ತು. ನಮ್ಮಲ್ಲೊಬ್ಬಳು ತನ್ನ ನೌಕರಿ ಹೋಗಿ ನಾಲ್ಕು ತಿಂಗಳಾಗಿದೆಯೆಂದು ಹೇಳಿದ್ದು ಅಲ್ಲಿ, ಒದ್ದೆಯಾದ ಸೆರಗನ್ನು ಹಿಂಡುತ್ತಾ, ನನ್ನ ಮುಖ ನೋಡದೆ. ಆ ನಾಲ್ಕು ತಿಂಗಳಲ್ಲಿ ನಾವು ಹತ್ತಾರು ಬಾರಿ ಫೋನಿನಲ್ಲಿ ಮಾತಾಡಿದ್ದೆವು.

ಕುಟುಂಬದ ಕೂಟಕ್ಕೆ ಬೇರೆಯೇ ತೊಡಕಿದೆ: ಜನ ಹೆಚ್ಚಾದಷ್ಟೂ ಮಾತು ಕಡಿಮೆಯಾಗುತ್ತದೆ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಜನರ ಹರಟೆಯ ಗುಂಪುಗಳನ್ನು ಗಮನಿಸಿ, ಒಂದೇ ಮಾತುಕತೆಯಲ್ಲಿ ನಿಜವಾಗಿ ಪಾಲ್ಗೊಳ್ಳಬಲ್ಲವರು ಹೆಚ್ಚೆಂದರೆ ನಾಲ್ವರು ಎಂದು ಕಂಡುಕೊಂಡರು. ಐದನೆಯವರು ಸೇರಿದೊಡನೆ ಗುಂಪು ಒಡೆಯುತ್ತದೆ, ಇಲ್ಲವೇ ಒಬ್ಬರು ಮಾತನಾಡಿ ಉಳಿದವರು ಕೇಳುಗರಾಗುತ್ತಾರೆ. ಮೊದಲ ಎರಡು ವರ್ಷ ನಾವು ಕುರ್ಚಿಗಳನ್ನೆಲ್ಲ ವೃತ್ತಾಕಾರದಲ್ಲಿ ಇಟ್ಟಿದ್ದೆವು. ದೊಡ್ಡಮ್ಮನಿಗೆ ಬಲಗಿವಿ ಮಂದ. ಯಾರು ನಕ್ಕರೂ ಅರ್ಧ ಕ್ಷಣ ತಡವಾಗಿ ತಾವೂ ನಗುತ್ತಿದ್ದರು. ಅದನ್ನು ಗಮನಿಸಿದ ದಿನ ನನಗಾದ ಸಂಕಟ ಇನ್ನೂ ಹೋಗಿಲ್ಲ. ಈಗ ಕುರ್ಚಿಗಳನ್ನು ಮೂರು ನಾಲ್ಕರಂತೆ ಅಲ್ಲಲ್ಲಿ ಇಡುತ್ತೇವೆ. ದೊಡ್ಡಮ್ಮನ ಎಡಗಡೆಗೆ ಸದಾ ಇಬ್ಬರು ಮಕ್ಕಳಿರುತ್ತಾರೆ.

ಆ ಮಕ್ಕಳಿಗೆ ಅವರು ಹೇಳುವುದು ಹಳೆಯ ಸಂಗತಿಗಳನ್ನೇ: ಅಜ್ಜ ಮನೆ ಕಳೆದುಕೊಂಡದ್ದು, ಮತ್ತೆ ಕಟ್ಟಿದ್ದು, ನನ್ನ ತಾಯಿ ಶಾಲೆ ತಪ್ಪಿಸಿ ಸಿಕ್ಕಿಬಿದ್ದದ್ದು. ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಮಕ್ಕಳಿಗೆ ತಮ್ಮ ಮನೆತನದ ಬಗ್ಗೆ ಎಷ್ಟು ತಿಳಿದಿದೆಯೆಂದು 20 ಪ್ರಶ್ನೆಗಳನ್ನು ಕೇಳಿ, ಹೆಚ್ಚು ತಿಳಿದವರಲ್ಲಿ ಆತ್ಮಗೌರವವೂ ಹೆಚ್ಚಿರುವುದನ್ನು ಕಂಡರು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಆ ಫಲ ದೊರೆಯದು, ಮತ್ತೆ ಮತ್ತೆ ಸೇರಿ ಕುಳಿತು ಕಥೆ ಹೇಳುವ ರೂಢಿಯೇ ಮುಖ್ಯ ಎಂದೂ ಡ್ಯೂಕ್ ಎಚ್ಚರಿಸಿದ್ದಾರೆ.

ಖರ್ಚಿನ ಬಗ್ಗೆ ಕೇಳುವವರಿಗೆ ಹೇಳುವುದು ಹೆಚ್ಚಿಲ್ಲ: ನಮ್ಮಲ್ಲಿ ಅತಿ ಕಡಿಮೆ ಅನುಕೂಲವಿರುವವರಿಗೆ ಹೊರೆಯಾಗದಷ್ಟು ಮಾತ್ರ ಖರ್ಚು, ಮತ್ತು ಅದನ್ನು ಹೊರಡುವ ಮೊದಲೇ ಎಲ್ಲರೂ ಒಟ್ಟುಗೂಡಿಸಿ ಒಬ್ಬರ ಕೈಗೆ ಕೊಡುವುದು. ಪ್ರವಾಸದ ಕೊನೆಯ ಅರ್ಧ ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳುವುದಿಲ್ಲ. ಓಡಿ ಓಡಿ ಬಸ್ ಹಿಡಿದು ಮುಗಿದ ಪ್ರವಾಸದಲ್ಲಿ ಆ ಓಟವೇ ನೆನಪಿನಲ್ಲಿ ಮುಂದೆ ನಿಲ್ಲುತ್ತದೆ.

ಈ ವರ್ಷದ ಕೂಟ ಮುಗಿದಾಗ ಬೀಳ್ಕೊಡುವ ಗಡಿಬಿಡಿಯಲ್ಲಿ ನಾನು ಕ್ಯಾಲೆಂಡರಿನ ವಿಚಾರವನ್ನೇ ಮರೆತಿದ್ದೆ. ಕಾರಿನ ಬಾಗಿಲು ಹಾಕಲು ಹೋದಾಗ ದೊಡ್ಡಮ್ಮ ತಡೆದು, ‘ಮುಂದಿನ ವರ್ಷ ಯಾವ ಶನಿವಾರ?’ ಎಂದು ಕೇಳಿದರು. ಒಳಗೆ ಓಡಿ ನೋಡಿಬಂದು, ಅವರ ಎಡಗಿವಿಯ ಬಳಿ ಬಾಗಿ ತಾರೀಖು ಹೇಳಿದೆ. ಅವರು ಅದನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡ ಮೇಲೆಯೇ ಬಾಗಿಲು ಹಾಕಲು ಬಿಟ್ಟರು.