ರಬ್ಬರ್ ಮಾಸ್ಕ್ ಕೊನೆಗೂ ಒಂದೇ ಹಾಳೆಯಾಗಿ ಎದ್ದು ಬಂತು

ಬಂತು! ಹಣೆಯಿಂದ ಗದ್ದದವರೆಗೆ ಒಂದೇ ಹಾಳೆ. ಹುಬ್ಬಿನ ಒಂದು ಕೂದಲೂ ಕಿತ್ತು ಬಂದಿಲ್ಲ. ಮುಂಬೈ ಮುಲುಂಡಿನ ನನ್ನ ಪುಟ್ಟ ಸ್ಕಿನ್‌ಕೇರ್ ರೂಮಿನ ಮೆನು ಕಾರ್ಡು ಪ್ರಿಂಟಿಗೆ ಹೋಗದೆ ಕೂತಿದ್ದೇ ಈ ಮಾಸ್ಕಿನಿಂದ. ಪುಡಿಯನ್ನು ನೀರಲ್ಲಿ ಕಲಸಿ ಮುಖಕ್ಕೆ ಹಚ್ಚೋದು, ರಬ್ಬರಿನ ಹಾಗೆ ಗಟ್ಟಿಯಾದ ಮೇಲೆ ಎಬ್ಬಿಸೋದು.

ಉಳಿದದ್ದು ಕಷ್ಟ ಇರಲಿಲ್ಲ. ಕ್ಲೀನಪ್, ಡಿ-ಟ್ಯಾನ್ ಇರಲೇಬೇಕು, ಲೋಕಲ್ ಟ್ರೇನಿನಲ್ಲಿ ಓಡಾಡುವವರು ಮೊದಲು ಕೇಳುವುದೇ ಅದು. ನೀರಿನಿಂದ ಮುಖ ಸ್ವಚ್ಛ ಮಾಡುವ ಹೈಡ್ರಾ ಮೆಷಿನ್ ಇದೆ, ಓಡುತ್ತಿದೆ. ಗೋಲ್ಡ್ ಫೇಶಿಯಲ್ ನನಗೆ ಅಷ್ಟಕ್ಕಷ್ಟೇ. ಆದರೆ ಮದುವೆ ಸೀಸನ್‌ನಲ್ಲಿ ಅದಿಲ್ಲ ಅಂದರೆ ಬೀಗಿತ್ತಿಯರು ಪಕ್ಕದ ಪಾರ್ಲರಿಗೆ ಎದ್ದು ಹೋಗ್ತಾರೆ, ಇರಲಿ. ಕಾರ್ಬನ್ ಲೇಸರ್, ಮೈಕ್ರೋನೀಡ್ಲಿಂಗ್ ಎಷ್ಟೇ ಟ್ರೆಂಡ್ ಆಗಿರಲಿ, ಅವು ಚರ್ಮದ ಡಾಕ್ಟರರ ಕೆಲಸ. ಕೊನೆಯದು ರಬ್ಬರ್ ಮಾಸ್ಕಿನ ಕೂಲಿಂಗ್ ಫೇಶಿಯಲ್. ಮುಂಬೈ ಸೆಖೆಗೆ ಅದನ್ನು ಬಿಡೋಕೆ ಮನಸ್ಸಿಲ್ಲ.

ಚಳಿಗಾಲದಲ್ಲಿ ಚೆನ್ನಾಗೇ ಬರುತ್ತಿತ್ತು. ಮೇ ಬಂದದ್ದೇ ತಡ, ಬಟ್ಟಲಲ್ಲೇ ಗಟ್ಟಿ! ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ಸ್ಪ್ಯಾಚುಲಾ ಮೇಲೆ ಉಪ್ಪಿಟ್ಟಿನ ಹಾಗೆ ಉಂಡೆ ಉಂಡೆ. ಮಂಚದ ಮೇಲೆ ನಾದಿನಿ. "ಅರ್ಧ ಮುಖ ಸಾಕು ಬಿಡಿ ಅತ್ತಿಗೆ, ಅರ್ಧ ದುಡ್ಡು ಕೊಡ್ತೀನಿ" ಅಂದಳು. ಇಲ್ಲಿಯವರೆಗೆ ಪೂರ್ತಿ ದುಡ್ಡೂ ಕೊಟ್ಟವಳಲ್ಲ, ಅದು ಬೇರೆ ಮಾತು.

ಕ್ರಾಫರ್ಡ್ ಮಾರ್ಕೆಟ್ ಕಡೆಯ ಸಪ್ಲೈಯರ್ ಮೊದಲು ಎಸಿ ಜಾಸ್ತಿ ಮಾಡಿ ಅಂದ. ಆಮೇಲೆ ಬ್ಯಾಚ್ ಬದಲಾಗಿದೆ ಅಂದ. ಆಮೇಲೆ ಪ್ರೀಮಿಯಂ ತಗೊಳ್ಳಿ ಅಂದ. ತಗೊಂಡೆ. ಅದು ಇನ್ನೂ ಬೇಗ ಗಟ್ಟಿಯಾಯಿತು, ಒಳಗೆ ಒಣಗಿದ ಗುಲಾಬಿ ಎಸಳು ಬೇರೆ.

ಸುಳಿವು ಸಿಕ್ಕಿದ್ದು ಟವೆಲ್ ಒಗೆಯುವ ಕೆಲಸದವಳಿಂದ. ಸೋಪು ನೊರೆ ಬರ್ತಿಲ್ಲ ಅಂತ ಗೊಣಗುತ್ತಿದ್ದಳು. ನಮ್ಮ ನಲ್ಲಿಗೆ ಬರುವುದು ಭಾತ್ಸಾ, ವೈತರಣಾ ಕಡೆಯ ಕೆರೆ ನೀರು, ಮೆದು. ಮೇ ತಿಂಗಳಲ್ಲಿ ಅದು ಸಾಲದೆ ಸೊಸೈಟಿಯವರು ಟ್ಯಾಂಕರ್ ತರಿಸುತ್ತಿದ್ದರು. ಅದು ಬೋರ್ ನೀರು, ಗಡಸು. ಅಂದರೆ ತುಂಬಾ ಕ್ಯಾಲ್ಸಿಯಂ.

ಅಲ್ಲಿಗೆ ಎಲ್ಲಾ ಗೊತ್ತಾಯಿತು. ಪುಡಿಯಲ್ಲಿರುವುದು ಕಡಲಪಾಚಿಯ ಸೋಡಿಯಂ ಆಲ್ಜಿನೇಟ್, ಜೊತೆಗೆ ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ ಹಿಡಿದುಕೊಂಡಾಗಲೇ ಆಲ್ಜಿನೇಟ್ ರಬ್ಬರ್ ಆಗೋದು. ತಡವಾಗಿ ಆಗಲಿ ಅಂತ ಸ್ವಲ್ಪ ಫಾಸ್ಫೇಟ್ ಹಾಕಿರುತ್ತಾರೆ. ಮೊದಲು ಕರಗಿದ ಕ್ಯಾಲ್ಸಿಯಂ ಅನ್ನು ಅದು ನುಂಗುತ್ತದೆ, ನಮಗೆ ಹಚ್ಚೋಕೆ ಟೈಮ್ ಸಿಗುತ್ತದೆ. ಟ್ಯಾಂಕರ್ ನೀರು ತನ್ನದೇ ಕ್ಯಾಲ್ಸಿಯಂ ತಂದರೆ ಫಾಸ್ಫೇಟ್ ಬೇಗ ಖಾಲಿ. ಮೇಲಾಗಿ ತಾರಸಿ ಟ್ಯಾಂಕಿನ ಮಧ್ಯಾಹ್ನದ ನೀರು ಬಿಸಿ, ಬಿಸಿಯಾದಷ್ಟೂ ಬೇಗ ಗಟ್ಟಿ.

ತಪ್ಪು ಗಡಸುತನದ್ದೋ ಬಿಸಿಯದ್ದೋ? ಒಂದೇ ಡಬ್ಬದ ಪುಡಿ ಹಂಚಿ ಬಟ್ಟಲುಗಳನ್ನು ಸಾಲಾಗಿ ಇಟ್ಟೆ. ಟ್ಯಾಂಕಿನ ನೀರನ್ನು ಫ್ರಿಜ್‌ನಲ್ಲಿಟ್ಟು ಕಲಸಿದರೆ ಸುಧಾರಿಸಿತು, ಆದರೂ ಹರಳು ಹರಳು. ಆರ್‌ಓ ನೀರು ತಣಿಸದೆಯೂ ನುಣ್ಣಗೆ. ತಣ್ಣಗಿನ ಆರ್‌ಓ ನೀರಲ್ಲಂತೂ ಕತ್ತಿನವರೆಗೆ ಹಚ್ಚಿ, ಅಂಚು ದಪ್ಪ ಮಾಡಿಕೊಳ್ಳುವಷ್ಟು ಪುರುಸೊತ್ತು. ಅಂಚು ತೆಳ್ಳಗಿದ್ದರೆ ಎಬ್ಬಿಸುವಾಗ ಹರಿಯುತ್ತದೆ, ನಿಮಗೆ ಗೊತ್ತಲ್ವಾ. ಟಿಡಿಎಸ್ ಮೀಟರ್ ನೆಚ್ಚಿಕೊಳ್ಳಬೇಡಿ. ಅದು ಒಟ್ಟು ಕರಗಿದ್ದನ್ನು ಹೇಳುತ್ತದೆ, ಕ್ಯಾಲ್ಸಿಯಂ ಎಷ್ಟು ಅಂತ ಅಲ್ಲ. ಸೋಪಿನ ನೊರೆ ನೋಡಿದರೆ ಸಾಕು.

ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರಿಗೆ ಹೇಳಿದರೆ ನಕ್ಕುಬಿಟ್ಟರು. ಹಲ್ಲಿನ ಅಚ್ಚು ತೆಗೆಯುವ ಪುಡಿಯೂ ಇದೇ ಆಲ್ಜಿನೇಟ್ ಅಂತೆ. ಅಳೆಯುವ ಮೊದಲು ಡಬ್ಬ ಅಲ್ಲಾಡಿಸಿ, ತಳದಲ್ಲಿ ಒತ್ತಿಕೊಂಡಿರುತ್ತದೆ ಅಂದರು. ಇದನ್ನು ಹೇಳೋಕೆ ಸಪ್ಲೈಯರಿಗೆ ಏನಾಗಿತ್ತು?

ಈ ಮಧ್ಯೆ ತಲೆಗೆ ಇನ್ನೊಂದು ಹುಳ ಹೊಕ್ಕಿದೆ: ಮಳೆಗಾಲಕ್ಕೆ ಮ್ಯಾಂಡೆಲಿಕ್ ಪೀಲ್, ಅಂದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಎಬ್ಬಿಸೋದು. ಪೀಲ್‌ಗೆ ಬಳಸುವ ಇನ್ನೊಂದು ಆಮ್ಲ ಗ್ಲೈಕೋಲಿಕ್‌ನ ಅಣುತೂಕ 76, ಇದರದ್ದು 152. ದೊಡ್ಡ ಅಣು, ನಿಧಾನಕ್ಕೆ ಇಳಿಯುತ್ತದೆ, ಉರಿ ಕಡಿಮೆ. ಉರಿದ ಜಾಗದಲ್ಲಿ ಕಪ್ಪು ಕಲೆ ಉಳಿಯುವ ನಮ್ಮ ಬಣ್ಣದ ಚರ್ಮಕ್ಕೆ ಇದು ವಾಸಿ. ಗಣಪತಿ ಹಬ್ಬಕ್ಕೆ ಮೊದಲು ಶುರು ಮಾಡುವ ಆಸೆ. ಮೋಡ ಇದೆ ಅಂತ ಸನ್‌ಸ್ಕ್ರೀನ್ ಬಿಡುವವರಿಗೆ ಮಾತ್ರ ಮಾಡಲ್ಲ.

ಕಾರ್ಡು ಪ್ರಿಂಟಿಗೆ ಹೋಯಿತು. ಆ ಪ್ರೀಮಿಯಂ ಪುಡಿ ಇನ್ನೂ ಮುಕ್ಕಾಲು ಡಬ್ಬ ಇದೆ. ಮುಲುಂಡ್, ಠಾಣೆ ಕಡೆಯವರು ಯಾರಾದರೂ ಒಯ್ಯಿರಿ, ಗುಲಾಬಿ ಎಸಳು ನೀವೇ ಆರಿಸಿಕೊಳ್ಳಬೇಕು.