ಪಂಪು ಓಡುತ್ತಿತ್ತು, ನೀರು ಮೇಲೇರುತ್ತಿರಲಿಲ್ಲ

ಹೊರದೇಶಕ್ಕೆ ಬಂದು ಕಿಟಕಿ ಸ್ವಚ್ಛಗೊಳಿಸುವ ಕೆಲಸಕ್ಕೆ ಸೇರಿದೆನೆಂದು ತಿಳಿದಾಗ ಸ್ನೇಹಿತರಲ್ಲಿ ಹೆಚ್ಚಿನವರು ಏಣಿ, ಬಕೆಟ್ಟು, ಬಟ್ಟೆಗಳನ್ನೇ ಕಲ್ಪಿಸಿಕೊಂಡರು. ಅವು ನಮ್ಮ ವ್ಯಾನಿನಲ್ಲಿಯೂ ಇವೆ. ಆದರೆ ದಿನದ ಬಹುಪಾಲು ಕೆಲಸ ನಡೆಯುವುದು ನೀರಿನ ಟ್ಯಾಂಕು, 12 ವೋಲ್ಟ್ ಬ್ಯಾಟರಿ, ಎರಡು ಅಂಗೈಯಷ್ಟು ಉದ್ದದ ಒಂದು ಪಂಪು, ಸುರುಳಿ ಸುತ್ತಿದ ಪೈಪು ಮತ್ತು ತುದಿಯಲ್ಲಿ ಬ್ರಷ್ ಇರುವ ಉದ್ದನೆಯ ಕೋಲು ಇವುಗಳಿಂದ. ನೆಲದ ಮೇಲೆ ನಿಂತುಕೊಂಡೇ ಮೂರನೆಯ ಮಹಡಿಯ ಗಾಜನ್ನು ಉಜ್ಜಿ ತೊಳೆದು, ಒರೆಸದೆ ಹಾಗೆಯೇ ಬಿಟ್ಟುಬಿಡುತ್ತೇವೆ. ನಲ್ಲಿಯ ನೀರನ್ನು ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥ ಸಣ್ಣ ಕಾಳುಗಳನ್ನು ತುಂಬಿದ ಸಿಲಿಂಡರಿನ ಮೂಲಕ ಹಾಯಿಸಿ ಅದರಲ್ಲಿ ಕರಗಿರುವ ಲವಣಗಳನ್ನೆಲ್ಲ ತೆಗೆದ ಮೇಲೆಯೇ ಟ್ಯಾಂಕಿಗೆ ತುಂಬಿಸುವುದರಿಂದ, ಆ ನೀರು ಗಾಜಿನ ಮೇಲೆ ಕಲೆ ಉಳಿಸದೆ ಆರುತ್ತದೆ.

ಇಡೀ ವ್ಯವಸ್ಥೆಯಲ್ಲಿ ಪಂಪು ನಿಂತರೆ ದಿನದ ಕೆಲಸವೇ ನಿಂತಂತೆ. ಒಂದು ಬೆಳಿಗ್ಗೆ ನಮಗಾದದ್ದು ಅದಕ್ಕಿಂತ ತೊಡಕಿನ ಸ್ಥಿತಿ: ಪಂಪು ನಿಂತಿರಲಿಲ್ಲ. ಬ್ರಷ್ಷನ್ನು ನೆಲದ ಮಟ್ಟದಲ್ಲಿ ಹಿಡಿದಾಗ ನೀರು ಸಣ್ಣಗೆ ಬರುತ್ತಿತ್ತು. ಕೋಲನ್ನು ಎತ್ತುತ್ತ ಹೋದಂತೆ ಧಾರೆ ಹನಿಯಾಗಿ, ಹನಿಯೂ ನಿಂತುಹೋಗುತ್ತಿತ್ತು. ನೀರು 10 ಮೀಟರ್ ಎತ್ತರಕ್ಕೇರಲು ಸುಮಾರು 1 ಬಾರ್ ಒತ್ತಡ ಬೇಕು. ನಮ್ಮ ಪಂಪು 7 ಬಾರ್‌ವರೆಗೆ ಒತ್ತಡ ಕೊಡಬಲ್ಲದ್ದಾದ್ದರಿಂದ ಮೂರನೆಯ ಮಹಡಿ ಅದಕ್ಕೆ ದೊಡ್ಡ ಮಾತಲ್ಲ. ಜೊತೆಗಿದ್ದ ಹಿರಿಯ ಸಹೋದ್ಯೋಗಿ ಹೆಚ್ಚು ಯೋಚಿಸದೆ ಪಂಪು ಕೆಟ್ಟಿದೆ ಎಂದು ತೀರ್ಮಾನಿಸಿ, ವ್ಯಾನಿನಲ್ಲಿದ್ದ ಹೊಸ ಪಂಪನ್ನು ಜೋಡಿಸಿದರು. ಅರ್ಧ ಗಂಟೆ ನೀರು ಚೆನ್ನಾಗಿ ಬಂತು. ಆಮೇಲೆ ಹೊಸ ಪಂಪಿನದೂ ಅದೇ ಪಾಡಾಯಿತು.

ಎರಡು ಪಂಪುಗಳು ಒಂದೇ ದಿನ ಒಂದೇ ರೀತಿ ಕೆಡುವುದು ನಂಬುವ ಮಾತಲ್ಲವಾದ್ದರಿಂದ, ಪಂಪಿನ ಹೊರಗಿರುವ ಯಾವುದೋ ಕಾರಣ ಎರಡನ್ನೂ ಕೆಡಿಸುತ್ತಿದೆ ಎಂದು ನನಗೆ ಅನ್ನಿಸಿತು. ವಿದ್ಯುತ್ತಿನ ದಾರಿಯನ್ನು ಮೊದಲು, ನೀರಿನ ದಾರಿಯನ್ನು ಆಮೇಲೆ, ಒಂದು ಬಿಂದುವನ್ನೂ ಬಿಡದೆ ನೋಡಿಬಿಡೋಣ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ವಿದ್ಯುತ್ತಿನ ವಿಷಯದಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಪಂಪು ನಿಂತಿರುವಾಗ ಬ್ಯಾಟರಿಯ ವೋಲ್ಟೇಜ್ ಅಳೆದು, 12.6 ಬಂದರೆ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ. ಅಳೆಯಬೇಕಾದದ್ದು ಪಂಪು ಓಡುತ್ತಿರುವಾಗ, ಅದೂ ಪಂಪಿನ ತಂತಿಗಳ ತುದಿಯಲ್ಲಿ. ಫ್ಯೂಸಿನ ಕಾಲಿಗೆ ಹಸಿರು ಕಿಲುಬು ಹತ್ತಿದ್ದರೆ ಅಥವಾ ತಂತಿಯ ಜೋಡಣೆ ಸಡಿಲವಾಗಿದ್ದರೆ, ನಿಂತಿರುವಾಗ ಪೂರ್ತಿ ತೋರುವ ವೋಲ್ಟೇಜ್ ಪಂಪು ಓಡತೊಡಗಿದ ಕೂಡಲೇ ಕುಸಿಯುತ್ತದೆ. ಮೋಟರು ತಿರುಗುತ್ತದೆ, ಆದರೆ ಬಲವಿರುವುದಿಲ್ಲ. ನಮ್ಮಲ್ಲಿ ಬ್ಯಾಟರಿಗೂ ಪಂಪಿಗೂ ನಡುವಿನ ವ್ಯತ್ಯಾಸ ತೀರ ಕಡಿಮೆಯಿತ್ತು. ನೀರಿನ ಹರಿವನ್ನು ಹೊಂದಿಸುವ ಕಂಟ್ರೋಲರನ್ನು ಬದಿಗಿಟ್ಟು, ಫ್ಯೂಸ್ ಮಾತ್ರ ಉಳಿಸಿಕೊಂಡು ಬ್ಯಾಟರಿಯಿಂದ ನೇರವಾಗಿ ಪಂಪನ್ನು ಓಡಿಸಿದರೂ ಫಲ ಬದಲಾಗಲಿಲ್ಲ. ವಿದ್ಯುತ್ತಿನ ಕಡೆ ದೋಷವಿಲ್ಲವೆಂದು ಅಲ್ಲಿಗೆ ಖಚಿತವಾಯಿತು.

ಅನಂತರ ಪೈಪಿನ ತುದಿಯ ನಲ್ಲಿಯನ್ನು ಮುಚ್ಚಿದೆವು. ಈ ಪಂಪುಗಳ ತಲೆಯ ಮೇಲೆ ಒತ್ತಡದ ಸ್ವಿಚ್ಚೊಂದು ಇರುತ್ತದೆ. ನೀರಿಗೆ ಹೊರದಾರಿ ಇಲ್ಲದೆ ಒತ್ತಡ ಏರಿದಾಗ ಅದು ಟಕ್ಕೆಂದು ಪಂಪನ್ನು ನಿಲ್ಲಿಸಬೇಕು. ನಮ್ಮದು ನಿಲ್ಲಲೇ ಇಲ್ಲ. ಪೈಪಿನಲ್ಲಿ ಎಲ್ಲಿಯೂ ಸೋರಿಕೆಯಿರಲಿಲ್ಲ, ಟ್ಯಾಂಕಿನಿಂದ ಪಂಪಿಗೆ ಬರುವ ಪಾರದರ್ಶಕ ಪೈಪಿನಲ್ಲಿ ಗಾಳಿಯ ಗುಳ್ಳೆಗಳೂ ಕಾಣಲಿಲ್ಲ. ಸದ್ದು ಕೂಡ ಬೇರೆಯಾಗಿತ್ತು. ಭಾರ ಹೊತ್ತ ಪಂಪು ಒಂದು ದಪ್ಪನೆಯ ಗುಂಯ್ ಎಂಬ ದನಿ ಮಾಡುತ್ತದೆ; ಅಂದಿನದು ತೆಳ್ಳಗೆ, ಹಗುರಾಗಿತ್ತು. ಒತ್ತಡ ಕಡಿಮೆಯಾಯಿತೆಂದು ಸ್ವಿಚ್ಚಿನ ಮೇಲಿನ ಪುಟ್ಟ ಸ್ಕ್ರೂವನ್ನು ತಿರುಗಿಸಲು ಕೈ ಹೋಗುವುದು ಸಹಜ. ದಯವಿಟ್ಟು ತಿರುಗಿಸಬಾರದು. ಅದು ಪಂಪು ಯಾವಾಗ ನಿಲ್ಲಬೇಕೆಂಬುದನ್ನು ಹೇಳುತ್ತದೆಯೇ ಹೊರತು ಒತ್ತಡವನ್ನು ಹುಟ್ಟಿಸುವುದಿಲ್ಲ.

ಬ್ಯಾಟರಿಯ ತಂತಿ ಬಿಚ್ಚಿ, ಪೈಪಿನಲ್ಲಿ ಉಳಿದಿದ್ದ ಒತ್ತಡವನ್ನು ಬಿಟ್ಟು, ಪಂಪಿನ ತಲೆಯನ್ನು ಕಳಚಿ ನಾನು ಮಡಿಲಲ್ಲಿ ಬಟ್ಟೆ ಹಾಸಿಕೊಂಡು ಕುಳಿತೆ. ಒಳಗೆ ಮೂರು ಕೋಣೆಗಳಿರುತ್ತವೆ. ಮೋಟರು ತಿರುಗಿದಂತೆ ಓಲಾಡುವ ತಟ್ಟೆಯೊಂದು ಮೂರು ಕೋಣೆಗಳ ರಬ್ಬರಿನ ಪೊರೆಯನ್ನು ಒಂದಾದ ಮೇಲೊಂದರಂತೆ ಎಳೆದು ತಳ್ಳುತ್ತದೆ. ಪ್ರತಿ ಕೋಣೆಗೂ ನೀರು ಒಳಬರಲು ಒಂದು, ಹೊರಹೋಗಲು ಒಂದು ಕವಾಟ. ಕಿರುಬೆರಳಿನ ಉಗುರಿನಷ್ಟು ಅಗಲದ ಆ ಮೆತ್ತನೆಯ ರಬ್ಬರ್ ಕವಾಟದ ಅಂಚನ್ನು ಬೆಳಕಿಗೆ ಎತ್ತಿ ಹಿಡಿದಾಗ, ಅದರ ಕೆಳಗೆ ಜೇನುಬಣ್ಣದ ಒಂದು ಕಾಳು ಹೊಳೆಯಿತು. ಸಾಸಿವೆಗಿಂತ ಚಿಕ್ಕದು, ಪೂರ್ತಿ ದುಂಡಗಿತ್ತು. ಅದೇ ಕೋಣೆಯ ಹೊರದಾರಿಯ ಕವಾಟದಲ್ಲಿ ಇನ್ನೊಂದು ಕಾಳು ಸಿಕ್ಕಿಕೊಂಡಿತ್ತು. ಎರಡು ಕವಾಟಗಳೂ ಅರೆತೆರೆದೇ ಉಳಿದಿದ್ದರಿಂದ, ಉಳಿದ ಕೋಣೆಗಳು ಮುಂದಕ್ಕೆ ತಳ್ಳಿದ ನೀರು ಈ ಕೋಣೆಯ ಮೂಲಕ ಹಿಂದಕ್ಕೆ ಹರಿದುಬಿಡುತ್ತಿತ್ತು.

ಕಾಳನ್ನು ಬೆರಳ ತುದಿಗೆ ತೆಗೆದುಕೊಂಡ ಕೂಡಲೇ ಇಬ್ಬರಿಗೂ ಗುರುತು ಸಿಕ್ಕಿತು. ನೀರಿನ ಲವಣ ತೆಗೆಯುವ ಸಿಲಿಂಡರಿನಲ್ಲಿ ನಾವೇ ತುಂಬಿಸುವ ರೆಸಿನ್ ಅದು. ಅದು ಟ್ಯಾಂಕಿಗೆ ಬಂದದ್ದು ಹೇಗೆ, ಟ್ಯಾಂಕಿನಿಂದ ಪಂಪಿಗೆ ದಾಟಿದ್ದು ಹೇಗೆ ಎಂಬ ಎರಡು ಪ್ರಶ್ನೆಗಳು ಉಳಿದವು. ಪಂಪಿನ ಮುಂದಿರುವ ಜಾಲರಿಯನ್ನು ಬಿಚ್ಚಿ ನೋಡಿದರೆ, ಮೇಲ್ನೋಟಕ್ಕೆ ಸರಿಯಾಗಿಯೇ ಇದ್ದ ಅದರ ಬಲೆ ಅಂಚಿನ ಬಳಿ ಅರ್ಧ ಬೆರಳಿನಷ್ಟು ಬಿಟ್ಟುಕೊಂಡಿತ್ತು. ಸಿಲಿಂಡರಿನ ಒಳಗೆ, ರೆಸಿನ್ ಹೊರಹೋಗದಂತೆ ತಡೆಯುವ ಪ್ಲಾಸ್ಟಿಕ್ ಸೋಸುಕದಲ್ಲಿ ಕೂದಲೆಳೆಯಂಥ ಸೀಳು ಕಂಡಿತು.

ಜಾಲರಿ, ಸೋಸುಕ ಎರಡನ್ನೂ ಬದಲಾಯಿಸಿದೆವು. ಆದರೆ ಆಗಲೇ ಪಂಪನ್ನು ಜೋಡಿಸಿದ್ದರೆ ಮತ್ತೆ ಅದೇ ತೊಂದರೆ ಬರುತ್ತಿತ್ತು, ಏಕೆಂದರೆ ಟ್ಯಾಂಕಿನ ತಳದಲ್ಲಿ, ಪೈಪುಗಳ ತಿರುವುಗಳಲ್ಲಿ ಕಾಳುಗಳು ಇನ್ನೂ ಉಳಿದಿದ್ದವು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಎರಡು ಸಲ ತೊಳೆದು, ಹೊರಬಂದ ನೀರನ್ನು ಬಿಳಿಯ ಬಟ್ಟೆಯಲ್ಲಿ ಸೋಸಿ ನೋಡಿದಾಗ ಮೊದಲ ಸಲ ಒಂದು ಚಿಟಿಕೆಯಷ್ಟು, ಎರಡನೆಯ ಸಲ ನಾಲ್ಕೈದು ಕಾಳು ಬಂದವು. ಮೂರನೆಯ ಸಲ ತೊಳೆದ ಮೇಲೆ ಬಟ್ಟೆ ಬೆಳ್ಳಗೆ ಉಳಿಯಿತು.

ಎರಡೂ ಪಂಪುಗಳ ಕವಾಟಗಳನ್ನು ಬಿಚ್ಚಿ ತೊಳೆದು, ಹೊಸದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆವು. ಕೆಟ್ಟಿತೆಂದು ಬದಿಗಿಟ್ಟಿದ್ದ ಹಳೆಯ ಪಂಪನ್ನೇ ಜೋಡಿಸಿ ನಲ್ಲಿ ಮುಚ್ಚಿದಾಗ, ಕೆಲವೇ ಕ್ಷಣಗಳಲ್ಲಿ ಸ್ವಿಚ್ಚು ಟಕ್ಕೆಂದಿತು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ಮಹಡಿಯ ಗಾಜಿನ ಮೇಲೆ ನೀರು ಹರಡಿಕೊಂಡು ಇಳಿಯುವುದನ್ನು ಇಬ್ಬರೂ ತಲೆಯೆತ್ತಿ ನೋಡುತ್ತ ನಿಂತಿದ್ದೆವು.