ಜೇಬಿಗೆ ಭಾರವಾಗದಂತೆ ಎಫ್ಟೆಲಿಂಗ್

ಊರಿಂದ ಅಪ್ಪ ಅಮ್ಮ ನೆದರ್ಲೆಂಡ್ಸ್‌ಗೆ ಬಂದರೆ ಟ್ಯುಲಿಪ್ ತೋಟ, ಗಾಳಿಯಂತ್ರ, ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಎಲ್ಲಾ ತೋರಿಸುತ್ತೇವೆ. ಎಫ್ಟೆಲಿಂಗ್ ಅನ್ನೋ ಥೀಮ್ ಪಾರ್ಕಿನ ಮಾತು ಬಂದ ಕೂಡಲೇ ‘ಅದು ಮಕ್ಕಳಿಗೆ, ಟಿಕೆಟ್ ಬೇರೆ ದುಬಾರಿ’ ಅಂತ ಬಿಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಮೊಮ್ಮಗುವಿಗೂ ಅಜ್ಜಿಗೂ ಒಟ್ಟಿಗೇ ಖುಷಿ ಕೊಡುವ ಇಂಥ ಜಾಗ ಇಲ್ಲಿ ಕಡಿಮೆ.

ದುಬಾರಿ ಅನ್ನೋದು ನಿಜ. ಒಬ್ಬರಿಗೆ 40 ಯೂರೋ ಆಸುಪಾಸಿನಿಂದ ಮೇಲಕ್ಕೆ ಹೋಗುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಎಲ್ಲಾ ದಿನಕ್ಕೂ ಒಂದೇ ಬೆಲೆ ಇರಲ್ಲ. ಜನ ಕಡಿಮೆ ಬರುವ ದಿನ ಟಿಕೆಟ್ಟೂ ಅಗ್ಗ, ಸಾಲೂ ಚಿಕ್ಕದು. ಹಾಗಾಗಿ ಉಳಿತಾಯ ಶುರುವಾಗುವುದೇ ಕ್ಯಾಲೆಂಡರಿನಿಂದ. ಇಲ್ಲಿ ಶಾಲೆಯ ರಜೆ ಉತ್ತರ, ಮಧ್ಯ, ದಕ್ಷಿಣ ಅಂತ ಮೂರು ಭಾಗಕ್ಕೆ ಬೇರೆ ಬೇರೆ ವಾರ ಬರುತ್ತದೆ. ನಿಮ್ಮ ಊರಿನ ರಜೆ ಮುಗಿದ ಮಾತ್ರಕ್ಕೆ ಪಾರ್ಕ್ ಖಾಲಿ ಅಂದುಕೊಳ್ಳಬೇಡಿ, ಮೂರನ್ನೂ ನೋಡಿ. ಬೆಲ್ಜಿಯಂ ಮತ್ತು ಜರ್ಮನಿಯ ರಜೆಯನ್ನೂ ನೋಡಿದರೆ ಇನ್ನೂ ಒಳ್ಳೆಯದು. ಬುಧವಾರ ಎಷ್ಟೋ ಪ್ರಾಥಮಿಕ ಶಾಲೆಗಳಿಗೆ ಅರ್ಧ ದಿನ. ನಾನು ಹೇಳುವುದು ಮಂಗಳವಾರ ಅಥವಾ ಗುರುವಾರ. ಪಾರ್ಕ್ ವರ್ಷವಿಡೀ ತೆರೆದಿರುತ್ತದೆ, ಬೇಸಿಗೆಗೇ ಕಾಯಬೇಕಾಗಿಲ್ಲ. ಟಿಕೆಟ್ ಮನೆಯಲ್ಲೇ ಆನ್‌ಲೈನ್ ತೆಗೆದುಕೊಳ್ಳಿ.

ಕಾರಿದ್ದರೆ ಪಾರ್ಕಿಂಗಿಗೆ ಬೇರೆ ದುಡ್ಡು. ರೈಲಿನಲ್ಲಿ ಟಿಲ್‌ಬರ್ಗ್ ಅಥವಾ ಡೆನ್ ಬಾಸ್‌ವರೆಗೆ ಹೋದರೆ ಅಲ್ಲಿಂದ ಬಸ್ ನೇರ ಪಾರ್ಕಿಗೆ ಬಿಡುತ್ತದೆ. ಐಂಡ್‌ಹೋವನ್‌ನಲ್ಲಿರುವ ನಮ್ಮವರಿಗಂತೂ ಟಿಲ್‌ಬರ್ಗ್ ತುಂಬಾ ಹತ್ತಿರ. ಬಸ್ಸಿಗೂ ರೈಲಿಗೂ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹತ್ತಬಹುದು, ಆದರೆ ತಲೆಗೊಂದು ಕಾರ್ಡ್ ಬೇಕು. ನಿಮ್ಮ ಹತ್ತಿರ ರೈಲ್ವೆಯ ರಿಯಾಯಿತಿ ಪಾಸ್ ಇದ್ದರೆ ಜೊತೆಗೆ ಬರುವ ಮೂವರಿಗೂ ಶೇ. 40 ಕಡಿತ ಸಿಗುತ್ತದೆ. ಒಂದೇ ತೊಡಕು ಅಂದರೆ, ವಾರದ ದಿನಗಳಲ್ಲಿ ಬೆಳಗ್ಗೆ 6.30ರಿಂದ 9 ಮತ್ತು ಸಂಜೆ 4ರಿಂದ 6.30 ಈ ಕಡಿತ ಇಲ್ಲ. ಬೆಳಗ್ಗೆ 9ರ ತನಕ ಕಾದು ಹೊರಟರೆ ಪಾರ್ಕಿನ ಮೊದಲ ಒಂದು ಗಂಟೆ ಕೈತಪ್ಪಬಹುದು, ಆ ಗಂಟೆಯಲ್ಲೇ ಸಾಲು ಅತಿ ಚಿಕ್ಕದು. ಹಾಗಾಗಿ ಹೋಗುವಾಗ ಪೂರ್ತಿ ದುಡ್ಡು ಕೊಟ್ಟು ಬೇಗ ಹೋಗಿ, ಬರುವಾಗ 6.30 ಆದಮೇಲೆ ರೈಲು ಹತ್ತಿ ಉಳಿಸಿ.

ಊಟ ಮನೆಯಿಂದಲೇ ಒಯ್ಯಬಹುದು, ಯಾರೂ ತಡೆಯಲ್ಲ. ಪುಳಿಯೋಗರೆ, ಚಪಾತಿ ಸುರುಳಿ ಇಂಥವು ಸಾಕು, ಕೂತು ತಿನ್ನಲು ಬೆಂಚುಗಳಿವೆ. ಖಾಲಿ ಬಾಟಲಿ ಇಟ್ಟುಕೊಳ್ಳಿ, ಈ ದೇಶದಲ್ಲಿ ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಮಳೆಗೆ ಊರಿಂದಲೇ ಒಂದೊಂದು ರೇನ್‌ಕೋಟ್ ತರಿಸಿಕೊಳ್ಳಿ. ತುಂತುರು ಮಳೆ ಅಂತ ಪ್ಲ್ಯಾನ್ ರದ್ದು ಮಾಡಬೇಡಿ. ಜನ ಕಡಿಮೆ ಇರುತ್ತಾರೆ, ಎಷ್ಟೋ ಒಳ್ಳೆಯ ಸವಾರಿಗಳು ಸೂರಿನ ಕೆಳಗೇ ಇವೆ.

ಗೇಟು ತೆರೆದ ಕೂಡಲೇ ಸಾಲು ಬೆಳೆಯುವ ಸವಾರಿಗಳ ಕಡೆಗೆ ಹೋಗಿ: ಸಿಂಬೊಲಿಕಾ, ಡ್ರೋಮ್‌ವ್ಲುಖ್ಟ್, 2024ರಲ್ಲಿ ಶುರುವಾದ ಡಾನ್ಸ್ ಮಕಾಬ್ರ. ಎಷ್ಟು ಹೊತ್ತು ಕಾಯಬೇಕು ಅಂತ ಪಾರ್ಕಿನ ಆ್ಯಪ್‌ನಲ್ಲೇ ಕಾಣುತ್ತದೆ. ರೋಲರ್ ಕೋಸ್ಟರ್ ಹುಚ್ಚಿದ್ದವರು ‘ಬ್ಯಾರನ್ 1898’ ಅನ್ನೋ ಕೋಸ್ಟರಿನಲ್ಲಿ ಒಬ್ಬಂಟಿ ಸವಾರರ ಸಾಲಿಗೆ ನಿಂತರೆ ಬೇಗ ಕೆಲಸ ಆಗುತ್ತದೆ. ಪಕ್ಕದ ಸೀಟಿನಲ್ಲಿ ಅಪರಿಚಿತರು ಇರುತ್ತಾರೆ, ಅಷ್ಟೇ.

ಮಧ್ಯಾಹ್ನ ಎಲ್ಲಾ ಕಡೆ ಸಾಲು ಉದ್ದವಾದಾಗ ಕಥೆಗಳ ಕಾಡಿಗೆ ಬನ್ನಿ. 1952ರಲ್ಲಿ ಚಿತ್ರಕಾರ ಆಂಟನ್ ಪೀಕ್ ರೂಪಿಸಿದ ಕಾಡು ಇದು, ಪಾರ್ಕಿನ ಜೀವವೇ ಇದು. ಸಾಲಿಲ್ಲ, ಎತ್ತರದ ಅಳತೆಯಿಲ್ಲ, ಮಂಡಿನೋವಿನವರೂ ನಿಧಾನಕ್ಕೆ ಸುತ್ತಬಹುದು. ಉದ್ದ ಕತ್ತಿನ ಗೊಂಬೆಯೊಂದು ಕೂತಲ್ಲೇ ಕತ್ತನ್ನು ಮರದ ಕೊಂಬೆಗಳ ಮಟ್ಟಕ್ಕೆ ಏರಿಸುತ್ತದೆ. ದಾರಿಬದಿಯ ಕೆಂಪು ಅಣಬೆಗೆ ಕಿವಿಯಿಟ್ಟರೆ ಒಳಗೆ ಸಂಗೀತ. ಹೊಲ್ಲೆ ಬೊಲ್ಲೆ ಖೈಸ್ ಅನ್ನೋ ಡೊಳ್ಳು ಹೊಟ್ಟೆಯವನು ಬಾಯಿ ಅಗಲಿಸಿ ‘ಪಪೀರ್ ಹೀರ್’ ಅಂತ ಕಾಗದ ಕೇಳುತ್ತಲೇ ಇರುತ್ತಾನೆ. ಅವನೇ ಕಸದ ಬುಟ್ಟಿ. ಚೂರು ಬಾಯಿಗೆ ಹಿಡಿದರೆ ಸುರ್ ಅಂತ ಒಳಗೆಳೆದುಕೊಂಡು ಥ್ಯಾಂಕ್ಸ್ ಹೇಳುತ್ತಾನೆ. ಬ್ಯಾಗಿನಲ್ಲಿ ಒಂದಷ್ಟು ಹಳೆಯ ಕಾಗದ ಇಟ್ಟುಕೊಂಡು ಹೋಗಿ, ಮಕ್ಕಳು ಆಟಿಕೆ ಅಂಗಡಿಯನ್ನು ಮರೆತು ಇವನ ಮುಂದೆಯೇ ನಿಲ್ಲುತ್ತಾರೆ. ಅಜ್ಜಂದಿರೂ ಕೈಯಲ್ಲಿ ಕಾಗದ ಹಿಡಿದು ಸರದಿ ಕಾಯುವುದನ್ನು ನೋಡಿದ್ದೇನೆ.

ಹಿರಿಯರಿಗೆ ಹಬೆ ರೈಲು, ದೋಣಿಯಲ್ಲಿ ಕೂತು ನೋಡುವ ಫಾಟಾ ಮೊರ್ಗಾನಾ ಬಹಳ ಹಿಡಿಸುತ್ತವೆ. ಪಾರ್ಕ್ ಮುಚ್ಚುವ ಹೊತ್ತಿಗೆ ಅಕ್ವಾನೂರಾ ಅನ್ನೋ ಕಾರಂಜಿ ಆಟ ಇದೆ, ಅದಕ್ಕೂ ಬೇರೆ ದುಡ್ಡಿಲ್ಲ. ಅದು ಮುಗಿದದ್ದೇ ತಡ, ಇಡೀ ಜನ ಬಸ್ ಸ್ಟಾಪಿಗೆ ನುಗ್ಗುತ್ತಾರೆ. ಒಂದು ಬಸ್ ಬಿಟ್ಟು ಮುಂದಿನದಕ್ಕೆ ಹತ್ತಿದರೆ ಅಮ್ಮನಿಗೆ ಕೂರಲು ಸೀಟು ಸಿಗುತ್ತದೆ, ನೀವು ಸ್ಟೇಷನ್ ತಲುಪುವಾಗ 6.30ಊ ದಾಟಿರುತ್ತದೆ.